ಮಾರಾಟ ಹೆಚ್ಚಿದ ಮಾತ್ರಕ್ಕೆ ಷೇರು ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಬೆಲೆ ಇಳಿದು ಮಾರಾಟ ಹೆಚ್ಚಿತೆಂಬ ಸುದ್ದಿ ಬಂದಾಗಲೆಲ್ಲ ಕಲಬುರಗಿಯ ಸಣ್ಣ ಹೂಡಿಕೆದಾರರೂ ಆ ಕಂಪನಿಗಳ ಷೇರಿನತ್ತ ಕಣ್ಣು ಹಾಯಿಸುತ್ತಾರೆ. ಮಾರಾಟದ ಅಂಕಿಯೊಂದನ್ನೇ ನಂಬಿದರೆ ಕೈ ಸುಟ್ಟುಕೊಳ್ಳುವುದು ಖಚಿತ.

ತೆರಿಗೆ ಬಿಟ್ಟು 50,000 ರೂಪಾಯಿಯ ಲ್ಯಾಪ್‌ಟಾಪ್‌ನಲ್ಲಿ ಖರ್ಚೆಲ್ಲ ಕಳೆದು ಕಂಪನಿಗೆ 2,500 ಉಳಿಯುತ್ತದೆ ಎಂದುಕೊಳ್ಳಿ. ಪೈಪೋಟಿಗೆ ಬಿದ್ದು ಬೆಲೆಯನ್ನು ಶೇ 3ರಷ್ಟು, ಅಂದರೆ 1,500 ರೂಪಾಯಿ ಇಳಿಸಿದರೆ ಉಳಿಯುವುದು 1,000 ಮಾತ್ರ. ಲಾಭ ಶೇ 60ರಷ್ಟು ಕುಸಿಯಿತು! ಅದನ್ನು ತುಂಬಿಕೊಳ್ಳಲು ಎರಡೂವರೆ ಪಟ್ಟು ಮಾರಬೇಕು. ಕಾರ್ಖಾನೆ, ಕಚೇರಿಯ ಸ್ಥಿರ ವೆಚ್ಚ ಹೆಚ್ಚು ಲ್ಯಾಪ್‌ಟಾಪ್‌ಗಳಿಗೆ ಹಂಚಿಹೋಗುವುದರಿಂದ ತುಸು ಕಡಿಮೆ ಸಾಕಾದೀತು. ಆದರೆ ಎದುರಾಳಿ ಸುಮ್ಮನಿರುತ್ತಾನೆಯೇ? ಅವನೂ ಇಳಿಸುತ್ತಾನೆ. ಪ್ರೊಸೆಸರ್, ವಿಂಡೋಸ್‌ಗಳ ದರವಂತೂ ಲ್ಯಾಪ್‌ಟಾಪ್ ಜೋಡಿಸಿ ಮಾರುವ ಕಂಪನಿಯ ಕೈಯಲ್ಲಿಲ್ಲ.

ಹೆಚ್ಚಿನವರು ನೋಡದ ಜಾಗ ಗೋದಾಮು. ಬಿಡಿಭಾಗಗಳ ದರ ಇಳಿಯುತ್ತಿರುವಾಗ ಹಳೆಯ ದರದ ಸರಕು ದಿನದಿನಕ್ಕೂ ಬೆಲೆ ಕಳೆದುಕೊಳ್ಳುತ್ತದೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ 20 ಲ್ಯಾಪ್‌ಟಾಪ್ ಇದ್ದು ಕಂಪನಿ ತಲಾ 1,500 ಇಳಿಸಿದರೆ 30,000 ರೂಪಾಯಿ ನಷ್ಟ. ಕಂಪನಿ ಕ್ರೆಡಿಟ್ ನೋಟ್ (ಆ ನಷ್ಟವನ್ನು ಡೀಲರ್‌ನ ಲೆಕ್ಕಕ್ಕೆ ತುಂಬಿಕೊಡುವ ಪತ್ರ) ಕೊಟ್ಟರೆ ಅದು ಕಂಪನಿಯ ಲಾಭದಿಂದ ಹೋಗುತ್ತದೆ, ಕೊಡದಿದ್ದರೆ ಡೀಲರ್ ಮುಂದಿನ ಆರ್ಡರ್ ಕಡಿಮೆ ಮಾಡುತ್ತಾನೆ.

2001ರಲ್ಲಿ ಡೆಲ್ ಬೆಲೆ ಸಮರಕ್ಕಿಳಿದು ಗೆದ್ದದ್ದು ಇದೇ ಕಾರಣಕ್ಕೆ: ಗ್ರಾಹಕರಿಂದ ನೇರ ಆರ್ಡರ್, ಕೆಲವೇ ದಿನಗಳ ದಾಸ್ತಾನು. ಡೀಲರುಗಳನ್ನು ನೆಚ್ಚಿದ್ದ ಕಾಂಪ್ಯಾಕ್ ಅದೇ ವರ್ಷ ಎಚ್‌ಪಿ ಜೊತೆ ವಿಲೀನಕ್ಕೆ ಒಪ್ಪಿತು. ಘೋಷಣೆಯ ಬೆನ್ನಲ್ಲೇ ಒಂದೇ ದಿನದಲ್ಲಿ ಎಚ್‌ಪಿ ಷೇರು ಶೇ 18ಕ್ಕೂ ಹೆಚ್ಚು ಬಿತ್ತು. ಐಬಿಎಂ ತನ್ನ ಪಿಸಿ ವ್ಯವಹಾರವನ್ನು ಲೆನೊವೊಗೆ ಮಾರುವುದಾಗಿ 2004ರಲ್ಲಿ ಪ್ರಕಟಿಸಿತು, ಗೇಟ್‌ವೇ 2007ರಲ್ಲಿ ಏಸರ್ ಪಾಲಾಯಿತು. ಗೆದ್ದ ಡೆಲ್ ಕೂಡ 2013ರಲ್ಲಿ ಷೇರುಪೇಟೆಯಿಂದಲೇ ಹೊರನಡೆದು, ಮರಳಿದ್ದು 2018ರಲ್ಲಿ.

ಎಚ್‌ಪಿ, ಡೆಲ್, ಲೆನೊವೊ ಷೇರುಗಳು ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ (ಎನ್‌ಎಸ್‌ಇ) ಇಲ್ಲ. ಇಲ್ಲಿರುವುದು ರೆಡಿಂಗ್‌ಟನ್‌ನಂಥ ವಿತರಕರದ್ದು. ವಿತರಕರ ಲಾಭದ ಅಂಚು ಮೊದಲೇ ತೆಳು, ಆದ್ದರಿಂದ ದಾಸ್ತಾನಿನ ದಿನಗಳು (ಸರಕು ಮಾರಾಟವಾಗುವ ಮೊದಲು ಗೋದಾಮಿನಲ್ಲಿ ಉಳಿಯುವ ದಿನಗಳು), ಡೀಲರುಗಳಿಂದ ಬರಬೇಕಾದ ಬಾಕಿ, ಬಡ್ಡಿ ವೆಚ್ಚ ಇವನ್ನು ಮೊದಲು ನೋಡಬೇಕು. ಮಾರಾಟಕ್ಕಿಂತ ದಾಸ್ತಾನು ವೇಗವಾಗಿ ಬೆಳೆದಿದ್ದರೆ ಮುಂದಿನ ತ್ರೈಮಾಸಿಕದಲ್ಲಿ ರಿಯಾಯಿತಿ ಕಾದಿದೆ ಎಂದೇ ಬಹುತೇಕ ಅರ್ಥ.

ತ್ರೈಮಾಸಿಕ ಫಲಿತಾಂಶ ಪ್ರಕಟಿಸುವಾಗ ಮಾರಾಟದ ಪಕ್ಕದಲ್ಲೇ ಕಾರ್ಯಾಚರಣೆ ಲಾಭದ ಶೇಕಡಾವಾರನ್ನೂ ದಾಸ್ತಾನಿನ ಮೊತ್ತವನ್ನೂ ಮುದ್ರಿಸಬೇಕೆಂದು ಕೋರಿಕೆ.

– ಒಬ್ಬ ಲೆಕ್ಕಪರಿಶೋಧಕ, ಕಲಬುರಗಿ