ಮರಭೂಮಿ ಟ್ರಿಪ್ಪಿಗೆ ಮೊದಲ ತಿಂಗಳ ಹೇಳ್ರಿ, ಫೋಟೋ ಆಮ್ಯಾಲ

ಸಂಪಾದಕರಿಗೆ ನಮಸ್ಕಾರ್ರೀ,

ನಾ ಅಕ್ಕಲಕೋಟ ತಾಲೂಕಿನ ಒಂದ್ ಕನ್ನಡ ಸಾಲಿ ಮಾಸ್ತರ. ನಮ್ಮ ಬಸ್ ಸ್ಟ್ಯಾಂಡ್ ಅಂಗಡ್ಯಾಗ ಮರಾಠಿ ಪೇಪರಿನ ಗಂಟಿನ ಕೆಳಗ ನಿಮ್ಮ ಪೇಪರ್ ನಾಕೈದ್ ಕಾಪಿ ಇರ್ತಾವ, ಅದರಾಗ ಒಂದ್ ನಂದು. ಹೋದ ರವಿವಾರ ಪುರವಣ್ಯಾಗ ಗುಜರಾತ್ ರಾಜಸ್ಥಾನದ ಮರಭೂಮಿ ಪಾರ್ಕುಗಳಿಗೆ ಕಾರ್ ತಗೊಂಡ್ ಹೋಗೋದರ ಬಗ್ಗೆ ಬಂದಿತ್ತಲ್ರಿ, ಫೋಟೋ ಭಾಳ ಛಲೋ ಇದ್ವು, ಅದರ ಬಗ್ಗೆ ತಕರಾರಿಲ್ಲ. ಆದ್ರ ರಜಾ ಸಿಕ್ಕಾಗ ಐದ್ ದಿನದಾಗ ಮೂರ್ ಪಾರ್ಕ್ ಮುಗಿಸ್ಕೊಂಡ್ ಬರಬಹುದು ಅಂತ ಬರದಿದ್ರಿ. ಅದನ್ನ ಓದಿ ನಮ್ಮ ಮನಿಯಾಕಿ ನಕ್ಕಳು. ಯಾಕಂದ್ರ ನಾವು ಇದ ಟ್ರಿಪ್ಪಿಗೆ ಆರ್ ತಿಂಗಳದಿಂದ ತಲಿ ಕೆಡಿಸ್ಕೊಂಡೀವಿ, ಹಳೇ ಕ್ಯಾಲೆಂಡರ್ ಹಾಳಿ ಹಿಂದ ಬರದ್ ಬರದ್ ಮೂರ್ ಸಲ ರೂಟ್ ಬದಲಾಗ್ಯದ.

ಮೊದಲನೇ ರೂಟ್ ಮೇ ತಿಂಗಳಿಗಿತ್ತು. ಸಾಲಿ ಸೂಟಿ ಅಲ್ರೀ, ಮಾಸ್ತರಿಗೆ ಅದಾ ಟೈಮ್. ಸೊಲ್ಲಾಪುರ ಬಿಸಲಿಗೆ ಬೆಳದವ್ರು ನಾವು, ಜೈಸಲ್ಮೇರ್ ಏನ್ ದೊಡ್ಡದು ಅಂತ ಅಂದ್ಕೊಂಡಿದ್ವಿ. ಆದ್ರ ಅಲ್ಲಿ ಮೇ ಅಂದ್ರ 45 ಡಿಗ್ರಿ ದಾಟೋದು ಮಾಮೂಲಿ, ಜೊತಿಗೆ ಉಸುಕಿನ ಗಾಳಿ, ನಡುವ ಗಾಡಿ ನಿಂತ್ರ ನೆಳ್ಳು ಅನ್ನೋದಾ ಇಲ್ಲ. ಆತು, ಗಣಪತಿ ಹಬ್ಬದ ಸೂಟ್ಯಾಗ ಹೋಗೋಣು ಅಂತ ಎರಡನೇ ರೂಟ್ ಹಾಕಿದ್ವಿ. ಅದೂ ಮಣ್ಣಾತು, ಯಾಕಂದ್ರ ಗುಜರಾತಿನ ಸಣ್ಣ ರಣ್, ಅಂದ್ರ ಕಾಡ್ ಕತ್ತಿ (ಕತ್ತೆ) ಇರೋ ಅಭಯಾರಣ್ಯ, ಮತ್ತ ಭಾವನಗರ ಕಡಿ ವೇಳಾವದರ್ ಕೃಷ್ಣಮೃಗ ಪಾರ್ಕ್, ಎರಡೂ ಜೂನ್ 16ರಿಂದ ಅಕ್ಟೋಬರ್ 15ರ ತನಕ ಬಂದ್ ಇರ್ತಾವ. ನಿಮ್ಮ ಲೇಖನದಾಗ ಈ ತಾರೀಖು ಎಲ್ಲೂ ಇಲ್ಲ. ಇದೊಂದ್ ಸಾಲ್ ಹಾಕಿದ್ರ ಎಷ್ಟ್ ಮಂದಿ ಸಾವಿರ ಕಿಲೋಮೀಟರ್ ಗಾಡಿ ಹೊಡಕೊಂಡ್ ಹೋಗಿ ಗೇಟಿನ ಕೀಲಿ ನೋಡಿ ವಾಪಸ್ ಬರೋದು ತಪ್ಪತದ ನೋಡ್ರಿ.

ಹಂಗಾರ ದೀಪಾವಳಿ ಸೂಟಿ? ಗೇಟ್ ತೆಗದಿರ್ತದ, ಖರೇ. ಆದ್ರ ರಣ್ ಅಂದ್ರ ನಾವು ತಿಳ್ಕೊಂಡಂಗ ಉಸುಕಿನ ಗುಡ್ಡ ಅಲ್ಲ. ಮಳಿಗಾಲದಾಗ ಅಷ್ಟೂ ಕಡಿ ನೀರ್ ನಿಂತು, ಆಮ್ಯಾಲ ನಿಧಾನ ಒಣಗೋ ಉಪ್ಪಿನ ಬೈಲು. ಹೋದ ವರ್ಷ ಡಿಸೆಂಬರ್ ಶುರುವಿಗೆ ಅಹಮದಾಬಾದಿಗೆ ಒಂದ್ ಲಗ್ನಕ್ಕ ಹೋದಾಗ ನಮ್ಮ ಮನಿಯಾಕಿ ತಮ್ಮ "ಮಾವಾ, ಸಣ್ಣ ರಣ್ ಇಲ್ಲೇ ನೂರ್ ಕಿಲೋಮೀಟರ್ ಅಂತ, ಹೋಗಿ ಬರೂಣ್ ಬರ್ರಿ" ಅಂದ, ಹೋದ್ವಿ. ಪರ್ಮಿಟ್ ಇಲ್ಲ, ಗೈಡ್ ಇಲ್ಲ, ತಪ್ಪು ನಮ್ಮದಾ. ಊರ ದಾಟಿ ಡಾಂಬರ್ ಮುಗಿದ ಕಡಿಂದ ಮುಂದ ನೆಲ ಹಪ್ಪಳದಂಗ ಒಣಗಿ ಬಿರುಕ ಬಿಟ್ಟಿತ್ತು, ಇವ ಎರ್ಟಿಗಾ ಇಳಿಸೇ ಬಿಟ್ಟ. ನೂರ್ ಮೀಟರ್ ಹೋಗಿರಬೇಕು, ಹಪ್ಪಳ ಮುರದಂಗ ಟರ್ರ್ ಅಂತ ಸಪ್ಪಳಾತು, ಮುಂದಿನ ಗಾಲಿ ಎರಡೂ ಅರ್ಧಕ್ಕ ಕೂತ್ವು. ಮ್ಯಾಲಷ್ಟಾ ಒಣ, ಒಂದ್ ಬೆರಳ ಉದ್ದ ಕೆಳಗ ಕರ್ರಗ ರಾಡಿ. ಎಕ್ಸಲೇಟರ್ ಒತ್ತಿದಷ್ಟೂ ಒಳಗ ಹೋಗ್ತಿತ್ತು. ಉಪ್ಪು ಮಾಡೋ ಅಗರಿಯಾ ಮಂದಿ ಒಬ್ಬರು ಟ್ರ್ಯಾಕ್ಟರ್ ತಂದು ಎಳದ್ರು, ರೊಕ್ಕ ಕೊಟ್ರ ಬ್ಯಾಡ ಅಂದ್ರು, ಚಾ ಕುಡಿಸಿ ಕಳಿಸಿದ್ರು. ಅವರು ಮಳಿಗಾಲ ಮುಗದ ಮ್ಯಾಲ ಹೆಂಡ್ರು ಮಕ್ಕಳ ಸಮೇತ ಅಲ್ಲೇ ಗುಡಿಸಲ ಹಾಕ್ಕೊಂಡು, ನೆಲದ ಒಳಗಿನ ಉಪ್ಪು ನೀರು ಪಂಪ್ ಮಾಡಿ ಮಡಿಯೊಳಗ ಬಿಟ್ಟು, ಬ್ಯಾಸಗಿ ತನಕ ಇರ್ತಾರ. ಕುಡ್ಯೋ ನೀರ್ ಟ್ಯಾಂಕರ್ ಮ್ಯಾಲ ಬರಬೇಕು. ಅಂಥಾ ನೀರಾಗ ನಮಗ ಚಾ ಮಾಡಿದ್ರು ಅನ್ನೋದು ಗಾಡಿ ಹೊಂಟ ಮ್ಯಾಲ ತಲಿಗೆ ಹೊಳೀತು, ನಾಚಿಕಿ ಬಂತು.

ಅದಕ್ಕ ಈಗ ಮೂರನೇ ರೂಟ್ ಜನವರಿಗೆ ಅದ. ಎಂಟ್ ದಿನದ ರಜಾ ಅರ್ಜಿ ಬರದು ಇಟ್ಟೀನಿ, ಹೆಡ್ ಮಾಸ್ತರ್ ಇನ್ನೂ ಸಹಿ ಮಾಡಿಲ್ಲ. ಮೊದಲ ವೇಳಾವದರ್. 34 ಚದರ ಕಿಲೋಮೀಟರ್ ಅಷ್ಟಾ, ನಮ್ಮ ಕಡಿ ಎರಡ್ ಮೂರ್ ಊರಿನ ಸೀಮಿ ಕೂಡಿಸಿದಷ್ಟು, 1976ರಾಗ ಪಾರ್ಕ್ ಆದದ್ದು. ಮೊದಲು ಭಾವನಗರ ರಾಜರ ಬ್ಯಾಟಿ ಮಾಳ, ಚಿರತಿ ಅಲ್ಲ, ಪಳಗಿಸಿದ ಚೀತಾ ಬಿಟ್ಟು ಚಿಗರಿ ಹಿಡಸ್ತಿದ್ರಂತ. ಆಮ್ಯಾಲ ಸಣ್ಣ ರಣ್, ಈ ಸಲ ಅಲ್ಲಿಯ ಜೀಪಿನಾಗ, ಪರ್ಮಿಟ್ ತಗೊಂಡು. 2024ರ ಎಣಿಕ್ಯಾಗ ಗುಜರಾತದಾಗ 7,672 ಕಾಡ್ ಕತ್ತಿ ಸಿಕ್ಕಾವ. ಒಂದ್ ಕಾಲಕ್ಕ ರೋಗ ಬಂದು ಕೆಲವಾ ನೂರಕ್ಕ ಇಳದಿದ್ದ ಪ್ರಾಣಿ ಇದು. ಅಲ್ಲಿಂದ ಬಾಡಮೇರ್ ಮ್ಯಾಲ ಹಾಸಿ ಜೈಸಲ್ಮೇರ್, ಅದಕ್ಕ ಒಂದ್ ಪೂರಾ ದಿನ ಇಟ್ಟೀವಿ, ಹೊತ್ತು ಮುಳುಗಿದ ಮ್ಯಾಲ ಗಾಡಿ ಓಡ್ಸೋದಿಲ್ಲ ಅಂತ ಕರಾರ್ ಆಗ್ಯದ, ರಾತ್ರಿ ಹೈವೇ ಮ್ಯಾಲ ಒಂಟೆ, ದನ ಅಡ್ಡ ಬರ್ತಾವ. ಗುಜರಾತ್ ಬಿಡೋಕಿಂತ ಮೊದಲ ಟ್ಯಾಂಕ್ ಫುಲ್ ಮಾಡಬೇಕು, ರಾಜಸ್ಥಾನದಾಗ ಪೆಟ್ರೋಲ್ ತುಟ್ಟಿ. ಊಟದ ಚಿಂತಿ ಇಲ್ಲ, ಖಡಕ್ ರೊಟ್ಟಿ ಶೇಂಗಾ ಚಟ್ನಿ ಇದ್ರ ನಮ್ಮ ಮಂದಿ ಲಡಾಖ್ ತನಕ ಹೋಗ್ತಾರ.

ಜೈಸಲ್ಮೇರ್ ಡೆಸರ್ಟ್ ನ್ಯಾಷನಲ್ ಪಾರ್ಕ್ ಬಗ್ಗೆ ನಿಮ್ಮ ಲೇಖನದಾಗ "ಉಸುಕಿನ ಸಮುದ್ರ" ಅಂತ ಬರದಿದ್ರಿ. 3,162 ಚದರ ಕಿಲೋಮೀಟರ್ ಅದ್ರಾಗ ಉಸುಕಿನ ದಿಬ್ಬ ಒಂದ್ ಪಾಲಷ್ಟಾ ಇರೋದು, ಉಳಿದದ್ದು ಕಲ್ಲು ನೆಲ, ಹುಲ್ಲು, ಕುರುಚಲ. ಹೆಸರಿಗೆ ನ್ಯಾಷನಲ್ ಪಾರ್ಕ್, ಕಾಯ್ದೆ ಪ್ರಕಾರ ಅಭಯಾರಣ್ಯ, ಒಳಗ ಊರುಗಳು ಅದಾವ, ಮಂದಿ ಅದಾರ, ಕುರಿ ಮೇಕಿ ಅದಾವ. ಒಂಟಿ ಸವಾರಿ, ಟೆಂಟು, ಡಾನ್ಸು ಎಲ್ಲಾ ಸಮ್ ಅನ್ನೋ ಊರಿನ ದಿಬ್ಬದ ಕಡಿ, ಹಕ್ಕಿ ಇರೋ ಸುದಾಸರಿ ಅನ್ನೋ ಜಾಗಾ ಬ್ಯಾರೆ. ಹಕ್ಕಿ ಅಂದ್ರ ಗೋಡಾವಣ, ನಮ್ಮ ಕಡಿ ಮಾಳಢೋಕ ಅಂತಾರ, ಕರ್ನಾಟಕದಾಗ ಎರ್ಲಡ್ಡು. ಒಂದ್ ಮೀಟರ್ ಎತ್ತರ, ಗಂಡು ಹದಿನೈದ್ ಕಿಲೋ ತನಕ ತೂಗ್ತದ. ಹೆಣ್ಣು ವರ್ಷಕ್ಕ ಒಂದಾ ತತ್ತಿ ಬರೀ ನೆಲದ ಮ್ಯಾಲ ಇಡ್ತದ. ಕಣ್ಣು ತಲಿ ಎರಡೂ ಬಾಜೂಕ ಇರೋದಕ್ಕ ಎದುರಿನ ಕರೆಂಟ್ ವಾಯರ್ ಕಾಣಂಗಿಲ್ಲ, ಕಂಡಾಗ ಇಷ್ಟ್ ಭಾರದ ಮೈ ತಿರುಗ್ಸಾಕ ಆಗಂಗಿಲ್ಲ, ಬಡದು ಸಾಯ್ತದ. ಸುಪ್ರೀಂ ಕೋರ್ಟ್ 2021ರಾಗ ವಾಯರ್ ನೆಲದಾಗ ಹಾಕ್ರಿ ಅಂತು, 2024ರಾಗ ಆ ಆದೇಶ ಬದಲಿಸಿ ತಜ್ಞರ ಸಮಿತಿ ಮಾಡ್ತು. ಈ ಹಕ್ಕಿ "ಕಂಡೇ ಕಾಣ್ತದ" ಅಂತ ಬರಿಬ್ಯಾಡ್ರಿ. ಹಂಗ ಬರದ್ರ ಓದಿದವ್ರು ಡ್ರೈವರಿಗೆ ಇನ್ನೂರ್ ಹೆಚ್ಚಿಗಿ ಕೊಟ್ಟು ಹುಲ್ಲಾಗ ಗಾಡಿ ಇಳಸ್ರಿ ಅಂತಾರ, ತತ್ತಿ ಇರೋದು ಅದಾ ಹುಲ್ಲಾಗ.

ನಾ ಇಷ್ಟ್ ಜೀವಕ್ಕ ಹಚ್ಕೊಂಡ್ ಬರೆಯಾಕ ಕಾರಣ ಅದ. ಸೊಲ್ಲಾಪುರದಿಂದ ಬಾರ್ಶಿ ರೋಡಿಗೆ ಇಪ್ಪತ್ತ್ ಕಿಲೋಮೀಟರ್ ನಾನ್ನಜ್. ಮಾಳಢೋಕಕ್ಕಂತ 1979ರಾಗ ಅಭಯಾರಣ್ಯ ಆತು. ಸಣ್ಣಾಂವ ಇದ್ದಾಗ ನಮ್ಮ ಕಾಕಾನ ಸೈಕಲ್ ಮ್ಯಾಲ ಕೂತು ಹೋಗಿ ದೂರದಿಂದ ಒಂದ್ ನೋಡೀನಿ, ಬಿಳೀ ಕುತ್ತಿಗಿ ಎತ್ಕೊಂಡು ಊರ ಗೌಡನಂಗ ನಡೀತಿತ್ತು. ನನ್ನ ಮಗಳು ಮೂರ್ ಸಲ ಹೋಗ್ಯಾಳ, ಚಿಗರಿ ಕಂಡಾವ, ತೋಳ ಒಂದ್ ಸಲ ಕಂಡದ, ಮಾಳಢೋಕ ಇಲ್ಲ. ಆಕಿಗೆ ತೋರ್ಸಾಕ ಸಾವಿರದ ನಾನೂರ್ ಕಿಲೋಮೀಟರ್ ಹೋಗೋದು ಬಂದದ.

ಇನ್ನೊಂದು. ಅಲ್ಲಿ ಖೇಜಡಿ ಅಂತಾರಲ್ರಿ, ಅದು ನಮ್ಮ ಬನ್ನಿ ಗಿಡ. 1730ರಾಗ ಜೋಧಪುರ ಹಂತ್ಯಾಕ ಬಿಷ್ಣೋಯಿ ಮಂದಿ 363 ಜನ ಆ ಗಿಡ ಕಡೀಬ್ಯಾಡ್ರಿ ಅಂತ ಅಪ್ಕೊಂಡು ಜೀವಾ ಕೊಟ್ರು. ದಸರಾಕ್ಕ ಬನ್ನಿ ತಗೊಂಡು ಬಂಗಾರದಂಗ ಇರೋಣ ಅನ್ನೋ ಓದುಗರಿಗೆ ಇದನ್ನ ಹೇಳಿದ್ರ ಆ ಬೈಲು ದೂರದ ನಾಡು ಅನ್ಸಂಗಿಲ್ಲ.

ಮುಂದ ಇಂಥಾ ಲೇಖನ ಹಾಕಿದ್ರ ಯಾವ ತಿಂಗಳ ಬಂದ್, ಯಾವ ತಿಂಗಳ ರಾಡಿ, ಹಗಲಿನಾಗ ಎಷ್ಟ್ ತಾಸಿನ ಹಾದಿ, ಪರ್ಮಿಟ್ ಎಲ್ಲಿ, ಇಷ್ಟು ಒಂದ್ ಸಣ್ಣ ಚೌಕಟ್ಟಿನಾಗ ಹಾಕ್ರಿ. ಜಾಗ ಇಲ್ಲ ಅಂದ್ರ ಸೂರ್ಯಾಸ್ತದ ಫೋಟೋ ಒಂದ್ ಕಮ್ಮಿ ಮಾಡ್ರಿ, ಮೂರ್ ಇದ್ವು.

ಇತಿ,
ಅಕ್ಕಲಕೋಟ ತಾಲೂಕಿನ ಓದುಗ