ಮಂಡಕ್ಕಿ ಭಟ್ಟಿಯ ಮಾತು ಸ್ಕೋಪಸ್‌ಗೆ ಹೋಗೋ ಹೊತ್ತಿಗೆ

ಮಾನ್ಯ ಸಂಪಾದಕರೇ,

2009ರಲ್ಲಿ ದಾವಣಗೆರೆಗೇ ಒಂದು ವಿಶ್ವವಿದ್ಯಾಲಯ ಅಂತ ಆದ್ಮೇಲೆ ಜಗಳೂರು, ಹೊಸದುರ್ಗ, ಮೊಳಕಾಲ್ಮೂರು ಕಡೆಯ ಹುಡುಗ ಹುಡುಗಿಯರಿಗೆ ತುಂಬಾ ಅನುಕೂಲ ಆಗಿದೆ, ಪಿಎಚ್‌ಡಿ ಅಂದ್ರೆ ಮೈಸೂರಿಗೋ ಧಾರವಾಡಕ್ಕೋ ಹೋಗಿ ರೂಮ್ ಮಾಡ್ಬೇಕು ಅನ್ನೋ ಕಾಲ ಹೋಯ್ತು. ಇವರಲ್ಲಿ ಬಹಳ ಜನ ನಮ್ಮ ಊರು ಕೇರಿ ಬಗ್ಗೆನೇ ಸಂಶೋಧನೆ ಮಾಡ್ತಾರೆ, ಕುರಿಗಾಹಿಗಳು, ಗೊಲ್ಲರಹಟ್ಟಿಗಳು, ಭದ್ರಾ ನಾಲೆಯ ಕೊನೇ ಭಾಗದ ರೈತರು, ಮುಚ್ಚಿದ ಹತ್ತಿ ಮಿಲ್ಲುಗಳು. ಆದ್ರೆ ಬರೆದಿದ್ದು ಹೋಗೋದೆಲ್ಲಿಗೆ, ಹೋಗೋ ದಾರೀಲಿ ಅದು ಏನಾಗುತ್ತೆ ಅಂತ ನಿಮ್ಮ ಓದುಗರಿಗೆ ಹೇಳ್ಬೇಕು ಅನಿಸ್ತು. ಪತ್ರ ಉದ್ದ ಆಗಿದ್ರೆ ಧಾರಾಳವಾಗಿ ಕತ್ತರಿ ಹಾಕಿ.

ಗೆಳತಿಯೊಬ್ಬಳು ಮಂಡಕ್ಕಿ ಹುರಿಯೋ ಭಟ್ಟಿಯಲ್ಲಿ ಕೆಲಸ ಮಾಡೋ ಹೆಣ್ಮಕ್ಕಳ ಬಗ್ಗೆ ಸಂಶೋಧನೆ ಮಾಡ್ತಿದ್ಲು, ಪ್ರಶ್ನಾವಳಿ ತುಂಬಿಸೋಕೆ ಜೊತೆಗೆ ಬಾ ಅಂದಿದ್ದಕ್ಕೆ ಹೋಗಿದ್ದೆ. ದಾವಣಗೆರೆಯೋರಿಗೆ ಭಟ್ಟಿ ಏರಿಯಾಕ್ಕೆ ದಾರಿ ಹೇಳ್ಬೇಕಿಲ್ಲ, ಹೊಗೆನೇ ಕರ್ಕೊಂಡು ಹೋಗುತ್ತೆ. ಹಾಳೆಯಲ್ಲಿ ‘ಭಟ್ಟಿಯ ಹೊಗೆಯಿಂದ ನನ್ನ ಆರೋಗ್ಯಕ್ಕೆ ಹಾನಿಯಾಗುತ್ತಿದೆ’ ಅಂತ ಒಂದು ವಾಕ್ಯ, ಅದರ ಮುಂದೆ ‘ಸಂಪೂರ್ಣ ಒಪ್ಪುತ್ತೇನೆ’ಯಿಂದ ‘ಸಂಪೂರ್ಣ ಒಪ್ಪುವುದಿಲ್ಲ’ದ ತನಕ ಐದು ಬಾಕ್ಸು. ಕೇಳಿದ್ದಕ್ಕೆ ಆ ಅಮ್ಮ ಮೊರ ಕೆಳಗಿಟ್ಟು ಹೇಳಿದ್ದು ಇಷ್ಟು: "ಹಾನಿ ಆಗ್ದೆ ಇರ್ತತೇನಮ್ಮ, ರಾತ್ರಿಯೆಲ್ಲ ಕೆಮ್ತೀನಿ. ಹಂಗಂತ ನೀವು ಬರ್ಕಂಡು ಹೋಗಿ ಭಟ್ಟಿ ಬಂದ್ ಮಾಡಿಸಿದ್ರೆ ಮಗಳ ಮದ್ವಿಗೆ ಇಸ್ಕಂಡಿರೋ ಅಡ್ವಾನ್ಸ್ ಯಾರು ತೀರಿಸ್ತಾರೆ? ಹೊಗೆಕ್ಕಿಂತ ಮಳೆಗಾಲ ಕೆಟ್ಟದ್ದು, ಅಕ್ಕಿ ಒಣಗಲ್ಲ, ಕೂಲಿ ಇಲ್ಲ." ಗೆಳತಿ ಪೆನ್ನು ಹಿಡ್ಕೊಂಡು ಸ್ವಲ್ಪ ಹೊತ್ತು ಹಂಗೇ ನಿಂತ್ಲು. ಒಪ್ತಾಳೆ ಅಂತ ಹಾಕ್ಬೇಕೋ ಒಪ್ಪಲ್ಲ ಅಂತ ಹಾಕ್ಬೇಕೋ? ಕೊನೆಗೆ ನಡುವಿನ ಬಾಕ್ಸಿಗೆ ಟಿಕ್ ಹಾಕಿದ್ಲು, ‘ತಟಸ್ಥ’, ಅಂದ್ರೆ ಮೂರು ಅಂಕ. ಸಂಜೆ ತನಕ ಇಂಥ ತಟಸ್ಥರು ಬಹಳ ಜನ ಸಿಕ್ಕಿದ್ರು. ಆಮೇಲೆ ಅವಳ ಇಂಗ್ಲಿಷ್ ಸಂಶೋಧನಾ ಪೇಪರ್ ಬಂತು, ಅದರಲ್ಲಿ ಕಂಡ್ಕೊಂಡಿದ್ದೇನಪ್ಪಾ ಅಂದ್ರೆ ಕಾರ್ಮಿಕ ಮಹಿಳೆಯರಲ್ಲಿ ಔದ್ಯೋಗಿಕ ಆರೋಗ್ಯದ ಬಗ್ಗೆ ಅರಿವಿನ ಕೊರತೆ ಇದೆ ಅಂತ! ಸಾಲ, ಹೊಗೆ, ಮಳೆ ಮೂರನ್ನೂ ಒಂದೇ ಉಸಿರಲ್ಲಿ ಲೆಕ್ಕ ಹಾಕಿ ಹೇಳಿದ ಹೆಂಗಸಿಗೆ ಅರಿವಿನ ಕೊರತೆಯಂತೆ.

ಗೆಳತಿಯನ್ನ ಬೈಯೋಕೆ ಇದನ್ನ ಬರೀತಿಲ್ಲ, ಅವಳಿಗೂ ಹೊಟ್ಟೆ ಉರೀತು. ಆ ಐದು ಬಾಕ್ಸಿನ ಅಳತೆ ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ಮಾಡಿದ್ದು, ಕೆಲವು ಕಡೆ ಅದು ಉಪಯೋಗಕ್ಕೂ ಬರುತ್ತೆ. ತೊಂದರೆ ಏನಂದ್ರೆ ಹೊರಗಿನ ಸಂಶೋಧನಾ ಜರ್ನಲ್‌ನೋರು ಕೇಳೋ ಅಚ್ಚಿನಲ್ಲಿ, ಅಂದ್ರೆ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅನ್ನೋ ಆ ನಾಲ್ಕು ಖಾನೇಲಿ, ಆ ಅಮ್ಮನ ಮಾತು ಹಂಗೆ ಹಂಗೇ ಕೂರೋಕೆ ಜಾಗನೇ ಇಲ್ಲ. ‘ಪಾಯಿಂಟಿಗೆ ಬನ್ನಿ’ ಅಂತ ಕೆಂಪು ಗೀಟು ಬೀಳುತ್ತೆ. 1966ರಲ್ಲಿ ರಾಬರ್ಟ್ ಕಪ್ಲಾನ್ ಅನ್ನೋ ಅಮೆರಿಕದ ಪ್ರೊಫೆಸರು ಯಾವ ಭಾಷೆಯೋರು ಹೆಂಗೆ ಬರೀತಾರೆ ಅಂತ ಚಿತ್ರನೇ ಬರೆದು ತೋರಿಸಿದ್ರು, ಇಂಗ್ಲಿಷಿನೋರದ್ದು ನೆಟ್ಟಗಿನ ಗೆರೆ, ಪೂರ್ವ ದೇಶದೋರದ್ದು ಸುತ್ತಿ ಸುತ್ತಿ ಒಳಗೆ ಹೋಗೋ ಸುರುಳಿ. ಮುಂದೆ ಅದಕ್ಕೆ ತುಂಬಾ ಟೀಕೆ ಬಂತು, ಅವರೇ ಅದನ್ನ ಸಡಿಲ ಮಾಡ್ಕೊಂಡ್ರು. ನಮ್ಮ ಗೈಡುಗಳ ಕೆಂಪು ಪೆನ್ನಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಯಾಕೆ ಹೀಗೆ ಬರೀಲೇಬೇಕು ಅಂದ್ರೆ ಪಾಯಿಂಟ್ಸು. 2010ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಿಂದ ಮೇಷ್ಟ್ರುಗಳಿಗೆ ಪೇಪರ್ ಲೆಕ್ಕದ ಅಂಕ ಶುರುವಾಯ್ತು. 2016ರಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸೋ ಮುಂಚೆ ಒಂದು ಪೇಪರ್ ಪ್ರಕಟ ಆಗಿರಲೇಬೇಕು ಅಂದ್ರು. ಕೇಳ್ಬೇಕಾ, ದುಡ್ಡು ಕಟ್ಟಿದ್ರೆ ವಾರದಲ್ಲಿ ಛಾಪಿಸೋ ‘ಇಂಟರ್‌ನ್ಯಾಷನಲ್’ ಜರ್ನಲ್‌ಗಳು ನಾಯಿಕೊಡೆ ಥರ ಎದ್ವು. 2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದ ಒಂದೇ ಸಲ 4,305 ಜರ್ನಲ್ ಕಿತ್ತುಹಾಕ್ತು. ಆಮೇಲೆ ಒಪ್ಪಿತ ಜರ್ನಲ್‌ಗಳ ಕೇರ್ ಪಟ್ಟಿ ಅಂತ ಬಂತು, 2022ರಲ್ಲಿ ಪೇಪರ್ ಕಡ್ಡಾಯ ಅನ್ನೋದೇ ಹೋಯ್ತು, 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟೀನೂ ಕೈಬಿಟ್ರು. ರೂಲ್ಸ್ ಹೋದ್ರೂ ಅಭ್ಯಾಸ ಹೋಗಿಲ್ಲ, ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆ ಈಗಲೂ "ಸ್ಕೋಪಸ್ ಎಷ್ಟಿದೆ?" ಅಂತಾನೇ. ಸ್ಕೋಪಸ್ ಅನ್ನೋದು ಎಲ್ಸೆವಿಯರ್ ಅನ್ನೋ ಡಚ್ ಮೂಲದ ಪ್ರಕಾಶನ ಕಂಪನಿ 2004ರಲ್ಲಿ ಶುರು ಮಾಡಿದ ಜರ್ನಲ್, ಪೇಪರ್‌ಗಳ ಪಟ್ಟಿ, ಅದರಲ್ಲಿರೋದು ಹೆಚ್ಚೂಕಮ್ಮಿ ಇಂಗ್ಲಿಷೇ. ಭಟ್ಟಿ ಬಗ್ಗೆ ಯಾವ ಪ್ರಶ್ನೆ ಕೇಳಿದ್ರೆ ಮರ್ಯಾದೆ ಅನ್ನೋದು ಅಲ್ಲೇ ತೀರ್ಮಾನ ಆಗ್ಬಿಡುತ್ತೆ, ಇಲ್ಲಿ ನಾವು ಹಾಳೆ ಹಿಡ್ಕೊಂಡು ಹೊರಡೋ ಮುಂಚೆನೇ. ನಮ್ಮೂರಿನ ಡಿಟಿಪಿ ಅಂಗಡಿಗಳ ಗಾಜಿನ ಮೇಲೆ ಈಗ ‘ಸಿಮಿಲಾರಿಟಿ ಕಡಿಮೆ ಮಾಡಿಕೊಡಲಾಗುವುದು’ ಅಂತ ಚೀಟಿ ಅಂಟಿಸಿರ್ತಾರೆ, ಮದುವೆ ಕಾರ್ಡ್ ಬೋರ್ಡಿನ ಪಕ್ಕದಲ್ಲೇ. 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್ ಒಳಗಿದ್ರೆ ದಂಡ ಇಲ್ಲ, ಅದಕ್ಕೆ ಒಂದೊಂದು ಪದ ಕಿತ್ತು ಇನ್ನೊಂದು ಹಾಕ್ತಾರೆ, ಕೊನೆಗೆ ಬರೆದವರಿಗೇ ತಾವೇನು ಬರೆದಿದ್ದು ಅಂತ ಗೊತ್ತಾಗಲ್ಲ.

ಇದನ್ನೆಲ್ಲ ಪತ್ತೆ ಹಚ್ಚಬೇಕಾದ ವಿದ್ಯೆ ಒಂದಿದೆ, ಸಂಕಥನ ಅಧ್ಯಯನ ಅಂತಾರೆ, ಯಾರು ಮಾತಾಡ್ತಾರೆ, ಯಾರ ಪರ ಮಾತಾಡ್ತಾರೆ, ಯಾರ ಬಾಯಿ ಮುಚ್ಚುತ್ತೆ ಅಂತ ನೋಡೋದು. ನಮ್ಮಲ್ಲೂ ಅದರ ಭರಾಟೆ ಜೋರಿದೆ. ಕನ್ನಡ ಎಂಎ ಪ್ರಬಂಧ ಕೂಡ ಫ್ರಾನ್ಸಿನ ಚಿಂತಕ ಫುಕೋ ಹೆಸರಿಲ್ಲದೆ ಮೊದಲನೇ ಅಧ್ಯಾಯ ದಾಟಲ್ಲ, ವಿಷಯ ಹೊಸದುರ್ಗದ ಕುಂಬಾರರಾಗಿದ್ರೂ ಸರಿ. ಹೆಸರು ಬಂತು, ಕೆಲಸ ಬರಲಿಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ಪಾಠ ಮಾಡ್ತಿದ್ದ ನಾರ್ಮನ್ ಫೇರ್‌ಕ್ಲೋ 1993ರಲ್ಲಿ ವಿಶ್ವವಿದ್ಯಾಲಯಗಳು ಹೆಂಗೆ ಮಾರ್ಕೆಟ್ ಭಾಷೆ ಮಾತಾಡೋಕೆ ಶುರು ಮಾಡಿದ್ವು ಅಂತ ಬರೆದಾಗ ಉದಾಹರಣೆಗೆ ತಗೊಂಡಿದ್ದು ತಮ್ಮದೇ ವಿಶ್ವವಿದ್ಯಾಲಯದ ಪ್ರಾಸ್ಪೆಕ್ಟಸ್ಸು, ಸಾಲದ್ದಕ್ಕೆ ಪ್ರಮೋಷನ್ನಿಗೆ ತಾವೇ ಕೊಟ್ಟಿದ್ದ ಬಯೋಡೇಟಾ. ಅಷ್ಟು ಧೈರ್ಯ ನಮ್ಮಲ್ಲಿ ಯಾರಿಗಿದೆ? ಪಿಬಿ ರಸ್ತೆಯಲ್ಲಿ ‘ವರ್ಲ್ಡ್ ಕ್ಲಾಸ್’ ‘ಗ್ಲೋಬಲ್ ಕ್ಯಾಂಪಸ್’ ಅಂತ ನಿಂತಿರೋ ಹೋರ್ಡಿಂಗುಗಳೇ ಸಾಕು ಒಂದು ಒಳ್ಳೇ ಪ್ರಬಂಧಕ್ಕೆ, ಒಬ್ಬರೂ ಮುಟ್ಟಲ್ಲ. ಪಕ್ಕದ ಶ್ರೀಲಂಕಾದ ಸುರೇಶ್ ಕನಗರಾಜಾ ಅವರದ್ದು ನಮಗೆ ಇನ್ನೂ ಹತ್ತಿರದ ಕಥೆ. ಯುದ್ಧದ ಕಾಲದಲ್ಲಿ ಅವರು ಜಾಫ್ನಾದಲ್ಲಿ ಪಾಠ ಮಾಡ್ತಿದ್ರು, ಒಳ್ಳೇ ಕಾಗದ ಸಿಗಲ್ಲ, ಕರೆಂಟಿಲ್ಲ, ಅಂಚೆ ಯಾವಾಗ ಹೋಗುತ್ತೋ ದೇವರೇ ಬಲ್ಲ, ಹೊರದೇಶದ ಜರ್ನಲ್ ಮಾತ್ರ ನೀಟಾಗಿ ಟೈಪ್ ಮಾಡಿದ ಹಲವು ಪ್ರತಿ ಕಳಿಸಿ ಅಂತಿತ್ತು. ಜ್ಞಾನ ಯಾರದ್ದು ಅಂತ ತೀರ್ಮಾನ ಮಾಡೋದ್ರಲ್ಲಿ ಕಾಗದ, ಪೋಸ್ಟೇಜಿನ ಪಾಲೂ ಇದೆ ಅಂತ ಅವರು 2002ರಲ್ಲಿ ಪುಸ್ತಕನೇ ಬರೆದ್ರು.

ಇನ್ನೊಂದು ತಮಾಷೆ ಕೇಳಿ. ಎಂಜಿನಿಯರಿಂಗ್ ಡಿಗ್ರಿಗಳಿಗೆ ಹೊರದೇಶದಲ್ಲೂ ಬೆಲೆ ಸಿಗಲಿ ಅಂತ ವಾಷಿಂಗ್ಟನ್ ಒಪ್ಪಂದ ಇದೆ, 2014ರಲ್ಲಿ ಭಾರತ ಅದರ ಕಾಯಂ ಸದಸ್ಯ ಆಯ್ತು, ಅದರ ಜೊತೆಗೆ ‘ಔಟ್‌ಕಮ್’ ಅನ್ನೋ ಲೆಕ್ಕ ಎಲ್ಲಾ ಕಡೆ ಹಬ್ತು, ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನೋರೂ ಕೇಳ್ತಾರೆ. ಅದಕ್ಕೇ ಈಗ ಪಂಪನ ಪಾಠಕ್ಕೂ ಕೋರ್ಸ್ ಔಟ್‌ಕಮ್ ಬರೀಬೇಕು, ಅದೂ ಇಂಗ್ಲಿಷಲ್ಲಿ. ಈ ಪಾಠ ಆದ್ಮೇಲೆ ವಿದ್ಯಾರ್ಥಿಯು ವಿಶ್ಲೇಷಿಸಲು, ಅನ್ವಯಿಸಲು ಸಮರ್ಥನಾಗುತ್ತಾನೆ ಅಂತ ಟೇಬಲ್ ಹಾಕೋದು. ಕರ್ಣನ ಸಾವನ್ನ ಎಲ್ಲಿಗೆ ಅನ್ವಯಿಸೋದೋ ನನಗಂತೂ ಹೊಳೆದಿಲ್ಲ.

ಹಂಗಂತ ನಾನು ಇಂಗ್ಲಿಷ್ ಬೇಡ ಅನ್ನೋ ಪೈಕಿ ಅಲ್ಲ. ಸಿಲಿಕೋಸಿಸ್ ಅನ್ನೋ ದೂಳಿನ ಶ್ವಾಸಕೋಶ ಕಾಯಿಲೆ ಬಗ್ಗೆ, ಬರದ ಬಗ್ಗೆ ಬೇರೆ ದೇಶದೋರು ಏನು ಕಂಡುಹಿಡಿದಿದ್ದಾರೆ ಅಂತ ಓದೋದಕ್ಕೆ ಅದು ಬೇಕೇಬೇಕು, ನಮ್ಮದು ಅವರಿಗೆ ಗೊತ್ತಾಗೋಕೂ ಬೇಕು. ಆದ್ರೆ ಕನ್ನಡದಲ್ಲಿ ಬರೆದ್ರೆ ತೂಕ ಕಡಿಮೆ ಅಂತ ಹೆದರಿಸೋರಿಗೆ ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. ಚನ್ನಗಿರಿ ತಾಲೂಕಿನ ಹಿರೇಕೋಗಳೂರಿನ ಚಿದಾನಂದಮೂರ್ತಿಯವರು ಶಾಸನಗಳ ಮೇಲಿನ ತಮ್ಮ ಪಿಎಚ್‌ಡಿ ಪ್ರಬಂಧ ಬರೆದಿದ್ದು ಕನ್ನಡದಲ್ಲೇ, 1960ರ ದಶಕದಲ್ಲಿ. ಅವರ ಆಮೇಲಿನ ಎಲ್ಲಾ ಮಾತನ್ನೂ ಒಪ್ಪಬೇಕಂತಿಲ್ಲ, ಆದ್ರೆ ಇವತ್ತಿಗೂ ಕನ್ನಡ ಶಾಸನ ಮುಟ್ಟೋರು ಆ ಪ್ರಬಂಧ ಓದದೆ ಮುಂದಕ್ಕೆ ಹೋಗಲ್ಲ. ಜರ್ನಲ್‌ಗಳ ತೂಕ ಅಳೆಯೋ ಯಾವ ಇಂಪ್ಯಾಕ್ಟ್ ಫ್ಯಾಕ್ಟರೂ ಅದಕ್ಕಿರಲಿಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ದಾವಣಗೆರೆ, ಚಿತ್ರದುರ್ಗ ಈ ನಮ್ಮ ಎರಡು ಜಿಲ್ಲೆಯ ಜನರ ಮೇಲೆ ಮಾಡಿದ ಪ್ರತಿಯೊಂದು ಪ್ರಬಂಧದ ಜೊತೆ, ಅದು ಯಾವ ಭಾಷೆಯಲ್ಲೇ ಇರ್ಲಿ, ಇಪ್ಪತ್ತು ಪುಟದ ಕನ್ನಡ ಸಾರಾಂಶ ಕಡ್ಡಾಯ ಮಾಡಿ. ಕನ್ನಡ ಅಂದ್ರೆ ಆಡೋ ಕನ್ನಡ, ಭಟ್ಟಿಯಲ್ಲಿ ಓದಿ ಹೇಳಿದ್ರೆ ಅರ್ಥ ಆಗ್ಬೇಕು. ಜನ ಹೇಳಿದ ಮಾತು ಕೊಯ್ಯದೆ ಅನುಬಂಧದಲ್ಲಿ ಪೂರ್ತಿ ಹಾಕಿ, ಹೆಸರು ಬೇಡ, ಮಾತು ಇರ್ಲಿ. ಪ್ರಬಂಧಗಳು ಹೇಗೂ ಶೋಧಗಂಗಾ ಅನ್ನೋ ವೆಬ್‌ಸೈಟಿನಲ್ಲಿ ಅಪ್‌ಲೋಡ್ ಆಗ್ತವೆ, ಇದನ್ನೂ ಅಲ್ಲೇ ಹಾಕಿದ್ರೆ ಖರ್ಚು ಏನೂ ಬರಲ್ಲ. ಮೌಖಿಕ ಪರೀಕ್ಷೆ ಅಂತೂ ಓಪನ್ ಅಂತಾನೇ ಕರೀತಾರೆ, ಅದಕ್ಕೆ ಆ ಊರಿನ ಇಬ್ಬರನ್ನ ಬಸ್ ಚಾರ್ಜ್ ಕೊಟ್ಟು ಕರೆಸಿ ಕೂರಿಸಿ. ನಮ್ಮ ಬಗ್ಗೆ ಬರೆದಿದ್ದು ಸರಿ ಇಲ್ಲ ಅಂತ ಅವರು ಹೇಳಿದ್ರೆ ಅದೂ ವರದಿಯಲ್ಲಿ ಬರ್ಲಿ.

ಇದಕ್ಕೆಲ್ಲ ವಿಶ್ವವಿದ್ಯಾಲಯದ ಸಿಂಡಿಕೇಟ್ ಒಪ್ಪೋ ತನಕ ಕಾಯೋದ್ಯಾಕೆ, ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಸಲ ಕಾಲು ಪುಟ ಕೊಡಿ ಸರ್. ಒಂದೊಂದು ಪ್ರಬಂಧ ತಗೊಂಡು ಅದರಲ್ಲಿ ಏನಿದೆ, ಯಾರನ್ನ ಕೇಳಿದ್ದಾರೆ, ಏನು ಬಿಟ್ಟಿದ್ದಾರೆ ಅಂತ ಬರೆದು ಕಳಿಸೋಕೆ ನಾನೂ, ನನ್ನ ಥರದ ಇನ್ನೊಂದಿಬ್ಬರು ಅತಿಥಿ ಉಪನ್ಯಾಸಕರೂ ರೆಡಿ ಇದ್ದೀವಿ. ಸಂಭಾವನೆ ಬೇಡ, ಅದು ತಡವಾಗಿ ಬರೋದು ನಮಗೆ ರೂಢಿ ಆಗಿದೆ. ಮೊದಲನೆಯದು ಮಂಡಕ್ಕಿ ಭಟ್ಟಿಯದ್ದು, ಗೆಳತಿನೂ ಒಪ್ಪಿದ್ದಾಳೆ.

ಇಂತಿ,
ಅತಿಥಿ ಉಪನ್ಯಾಸಕಿ, ಸಮಾಜಶಾಸ್ತ್ರ
ನಿಜಲಿಂಗಪ್ಪ ಬಡಾವಣೆ, ದಾವಣಗೆರೆ