ಮಣ್ಣಾದ ಬಟ್ಟೆಯ ವಿಚಾರವಾಗಿ ಹೆಣ್ಣುಮಕ್ಕಳ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆರಡು ದಿನ ಹೊರಾಂಗಣ ತರಗತಿ ಶುರುವಾಗಿ ಆರು ವಾರಗಳಾದವು. ಅಷ್ಟರಲ್ಲಿ ನನ್ನ ಮೇಜಿಗೆ ಹನ್ನೊಂದು ಚೀಟಿಗಳು ಬಂದಿವೆ. ಸಮವಸ್ತ್ರಕ್ಕೆ ಹತ್ತಿದ ಕೆಸರು ಎಷ್ಟು ಉಜ್ಜಿದರೂ ಹೋಗುತ್ತಿಲ್ಲ ಎಂದು ಕೆಲವರು, ಜಡೆಯಲ್ಲಿ ಸಿಕ್ಕಿಕೊಂಡ ಒಣಹುಲ್ಲು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು ಎಂದು ಒಬ್ಬರು, ಮಗಳು ಬಿಸಿಲಿಗೆ ಕಪ್ಪಾಗುತ್ತಿದ್ದಾಳೆ ಎಂದು ಇಬ್ಬರು, ಬಿದ್ದು ಮುಖಕ್ಕೆ ಗಾಯವಾದರೆ ಏನು ಗತಿ ಎಂದು ಉಳಿದವರು. ಎಲ್ಲವನ್ನೂ ಓದಿ ಒಂದರ ಮೇಲೊಂದು ಜೋಡಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹನ್ನೊಂದೂ ಹೆಣ್ಣುಮಕ್ಕಳ ಮನೆಯಿಂದ ಬಂದವು. ಗಂಡುಮಕ್ಕಳೂ ಅದೇ ಕೆಸರಿನಲ್ಲಿ ಕೂತಿದ್ದರು, ನಿಜ ಹೇಳಬೇಕೆಂದರೆ ಸ್ವಲ್ಪ ಹೆಚ್ಚೇ ಹೊರಳಾಡಿದ್ದರು. ಅವರ ಚಡ್ಡಿಯ ಬಗ್ಗೆ ಯಾರೂ ಒಂದಕ್ಷರ ಬರೆದಿಲ್ಲ. ಅದಕ್ಕೇ ಈ ಪತ್ರ ನಿಮಗೆ ಮಾತ್ರ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಮೈದಾನದ ಮೂಲೆಯ ಮರಕ್ಕೆ ‘ಹತ್ತಬಾರದು’ ಎಂಬ ತಗಡಿನ ಫಲಕ ಹೊಡೆಸಿದವಳು ನಾನೇ. ಅದನ್ನು ಓದಿ ಪಾಲಿಸಿದವರು ಹುಡುಗಿಯರು ಮಾತ್ರ. ಹುಡುಗರು ಹತ್ತುತ್ತಿದ್ದರು, ನಾವು ಗದರಿಸಿ ಇಳಿಸುತ್ತಿದ್ದೆವು, ಮರುದಿನ ಮತ್ತೆ ಹತ್ತುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದು, ಆ ಮರ ಹುಡುಗರದ್ದು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿಹೋಗಿತ್ತು. ನಿಯಮ ಎಲ್ಲರಿಗೂ ಒಂದೇ ಇತ್ತು. ಅದರ ಭಾರ ಬಿದ್ದದ್ದು ಹೇಳಿದ ಮಾತು ಕೇಳುವವರ ಮೇಲೆ.

2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ ನೆನಪಾಗುತ್ತದೆ. ಹನ್ನೊಂದು ತಿಂಗಳ ಕೂಸುಗಳು ಅಂಬೆಗಾಲಿಟ್ಟು ಇಳಿಯಲು ಓರೆಯಾದ ಹಲಗೆಯೊಂದನ್ನು ಇಟ್ಟಿದ್ದರು. ಹಲಗೆಯ ಇಳಿಜಾರನ್ನು ಹೆಚ್ಚುಕಡಿಮೆ ಮಾಡಬಹುದಿತ್ತು. ನಿಮ್ಮ ಮಗು ಎಷ್ಟು ಕಡಿದಾದ ಇಳಿಜಾರನ್ನು ಇಳಿದೀತು ಎಂದು ತಾಯಂದಿರನ್ನು ಮೊದಲೇ ಕೇಳಿದರು. ಗಂಡುಕೂಸುಗಳ ತಾಯಂದಿರು ಇದ್ದುದಕ್ಕಿಂತ ಹೆಚ್ಚು ಅಂದಾಜು ಮಾಡಿದರು, ಹೆಣ್ಣುಕೂಸುಗಳ ತಾಯಂದಿರು ಕಡಿಮೆ. ಹಲಗೆಯ ಮೇಲೆ ಬಿಟ್ಟಾಗ ಹೆಣ್ಣು ಗಂಡು ಎಂಬ ವ್ಯತ್ಯಾಸವೇ ಇರಲಿಲ್ಲ. ನಡೆಯಲು ಕಲಿಯುವ ಮೊದಲೇ ಮಗಳ ಬಗ್ಗೆ ನಮ್ಮ ಲೆಕ್ಕ ತಪ್ಪಿರುತ್ತದೆ. ಆ ತಪ್ಪು ಲೆಕ್ಕ ಮಗು ದೊಡ್ಡದಾದ ಮೇಲೂ ಬೆನ್ನು ಬಿಡುವುದಿಲ್ಲ ಎಂಬುದು ನಾನು ಶಾಲೆಯಲ್ಲಿ ಕಂಡ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಓಡಾಟ ಬೇಕು ಎನ್ನುತ್ತದೆ. 11ರಿಂದ 17 ವರ್ಷದವರಲ್ಲಿ ಅಷ್ಟು ಮಾಡದವರು ಎಷ್ಟು ಮಂದಿ ಎಂದು ಜಗತ್ತಿನಾದ್ಯಂತದ ಅಂಕಿಅಂಶ ನೋಡಿದಾಗ, 2016ರಲ್ಲಿ ಹುಡುಗರಲ್ಲಿ ನೂರಕ್ಕೆ ಸುಮಾರು 78, ಹುಡುಗಿಯರಲ್ಲಿ ಸುಮಾರು 85. ಹುಡುಗರದ್ದೇನೂ ಹೇಳಿಕೊಳ್ಳುವ ಸ್ಥಿತಿಯಲ್ಲ, ಆದರೆ ನಮ್ಮ ಹುಡುಗಿಯರು ಅವರಿಗಿಂತಲೂ ಹಿಂದೆ. ಹನ್ನೊಂದಕ್ಕೆ ಕೂತವಳನ್ನು ಹನ್ನೆರಡಕ್ಕೆ ಎಬ್ಬಿಸುವುದು ಕಷ್ಟ. ಆರೇಳು ವರ್ಷದವಳನ್ನು ಎಬ್ಬಿಸುವ ಅಗತ್ಯವೇ ಇಲ್ಲ, ಕೂರಿಸದಿದ್ದರೆ ಸಾಕು.

ಹೊರಗೆ ಏನು ಪಾಠ ನಡೆಯುತ್ತದೆ, ಬರೀ ಆಟವಲ್ಲವೇ ಎಂದು ಒಂದು ಚೀಟಿಯಲ್ಲಿತ್ತು. ಕಳೆದ ವಾರ ನಾನೇ ಪಕ್ಕದಲ್ಲಿ ಕೂತು ನೋಡಿದ್ದನ್ನು ಬರೆಯುತ್ತೇನೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಇರುವೆಯ ಸಾಲನ್ನು ನೋಡುತ್ತಿದ್ದಳು. ತರಗತಿಯಲ್ಲಿ ಕೇಳಿದರೂ ಉತ್ತರ ಕೊಡದ ಮಗು ಅದು. ಸುಮ್ಮನೆ ಎಂಬಂತೆ ಬೆರಳಿನಿಂದ ಸಾಲಿಗೆ ಅಡ್ಡಲಾಗಿ ನೆಲವನ್ನು ಉಜ್ಜಿದಳು. ಎರಡೂ ಕಡೆಯಿಂದ ಬಂದ ಇರುವೆಗಳು ಉಜ್ಜಿದ ಜಾಗದ ಅಂಚಿಗೆ ಬಂದು ತಡವರಿಸಿ, ಮೀಸೆ ಆಡಿಸುತ್ತಾ ಅತ್ತಿತ್ತ ಸುತ್ತತೊಡಗಿದವು. “ಗೆರೆ ಇರಲಿಲ್ಲವಲ್ಲ, ಏನನ್ನು ಅಳಿಸಿದೆ ನಾನು?” ಎಂದು ತನ್ನ ಬೆರಳನ್ನೇ ನೋಡಿಕೊಂಡಳು. ಶಿಕ್ಷಕಿ ಉತ್ತರ ಹೇಳಲಿಲ್ಲ. ಬೆರಳು ಮೂಸಿ ನೋಡು ಎಂದರು. ಮೂಸಿದಳು. ಅವಳಿಗೇನೂ ವಾಸನೆ ಬರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಂದು ಇರುವೆ ಆ ಜಾಗವನ್ನು ದಾಟಿತು, ಹಿಂದೆ ಇನ್ನೊಂದು, ಆಮೇಲೆ ಸಾಲು ಮತ್ತೆ ಕೂಡಿಕೊಂಡಿತು. ಇರುವೆಗಳು ನಡೆಯುತ್ತಾ ನೆಲಕ್ಕೆ ವಾಸನೆಯ ಗುರುತು ಹಚ್ಚುತ್ತವೆ, ಹಿಂದಿನವು ಅದನ್ನೇ ಹಿಡಿದು ಬರುತ್ತವೆ ಎಂಬುದನ್ನು ಪುಸ್ತಕದಿಂದ ಓದಿಸಿದ್ದು ಮರುದಿನ. ಅಷ್ಟರಲ್ಲಿ ಅವಳು ಮನೆಗೆ ಹೋಗಿ ನೀರು ಹಾಕಿ ಒರೆಸಿದರೆ ಏನಾಗುತ್ತದೆ ಎಂದೂ ನೋಡಿ ಬಂದಿದ್ದಳು. ಅಂದು ಆ ತರಗತಿಯಲ್ಲಿ ಮೊದಲು ಕೈ ಎತ್ತಿದವಳು ಅವಳು. ಇದು ಪಾಠವಲ್ಲದಿದ್ದರೆ ನಾನು ಇಷ್ಟು ವರ್ಷ ಮಾಡಿದ್ದೇನೆಂದು ನನಗೆ ಗೊತ್ತಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. ನೆಟ್ಟ ಕೋಲಿನ ನೆರಳನ್ನು ಗಂಟೆಗೊಮ್ಮೆ ಅಳೆದು ಬರೆಯುವುದು ಮೂರನೇ ತರಗತಿಯ ಗಣಿತ. ಗಾಜಿನ ಬಾಟಲಿಯಲ್ಲಿ ಮಣ್ಣಿಗೆ ನೀರು ಹಾಕಿ ಕುಲುಕಿ ಇಟ್ಟರೆ ಮರಳು ಕೂಡಲೇ ತಳ ಸೇರುತ್ತದೆ, ಜೇಡಿಯ ನೀರು ಮರುದಿನವೂ ಕದಡಿಯೇ ಇರುತ್ತದೆ; ಅದು ವಿಜ್ಞಾನ. ಮರದ ತೊಗಟೆಯನ್ನು ಮುಟ್ಟಿ ಅದು ಹೇಗಿದೆ ಎಂದು ಹೇಳುವುದು ಭಾಷೆ. ಮೊದಲ ದಿನ ಎಲ್ಲರೂ ‘ಒರಟು’ ಎಂದಷ್ಟೇ ಬರೆದರು. ಈಗ ಹಕ್ಕಳೆ ಎದ್ದದ್ದು, ಗಂಟುಗಂಟಾದದ್ದು, ಅಜ್ಜಿಯ ಹಿಮ್ಮಡಿಯಂತೆ ಬಿರಿದದ್ದು ಎಂದೆಲ್ಲ ಬರೆಯುತ್ತಿದ್ದಾರೆ. ಕೊನೆಯದು ಒಂದನೇ ತರಗತಿಯ ಹುಡುಗಿಯದು. ಇದೇನೂ ನಮ್ಮ ಹೊಸ ಶೋಧವಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಪಾಠ ನಡೆದದ್ದು ಮರಗಳ ಕೆಳಗೆ. 1914ರಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ರೇಚಲ್ ಮತ್ತು ಮಾರ್ಗರೆಟ್ ಮ್ಯಾಕ್‌ಮಿಲನ್ ಸೋದರಿಯರು ಬಡವರ ಮಕ್ಕಳಿಗಾಗಿ ತೋಟದ ನಡುವೆಯೇ ಶಿಶುಶಾಲೆ ನಡೆಸಿದರು.

ಕಣ್ಣಿನ ಮಾತು ಬೇರೆಯಾಗಿಯೇ ಹೇಳಬೇಕು. ಈ ವರ್ಷ ಮೂರನೇ ತರಗತಿಯಲ್ಲಿ ಎಷ್ಟು ಮಕ್ಕಳು ಕನ್ನಡಕದಲ್ಲಿ ಬಂದಿದ್ದಾರೆ ಎಂಬುದನ್ನು ನೀವೇ ಒಮ್ಮೆ ನೋಡಿ. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ಒಂದನೇ ತರಗತಿಯವರಿಗೆ ದಿನಕ್ಕೆ 40 ನಿಮಿಷದ ಹೊರಾಂಗಣ ತರಗತಿಯನ್ನು ಹೆಚ್ಚುವರಿಯಾಗಿ ಸೇರಿಸಿದರು, ಉಳಿದ ಶಾಲೆಗಳಲ್ಲಿ ಎಲ್ಲವೂ ಎಂದಿನಂತೆ. ಮೂರು ವರ್ಷ ಕಳೆದ ಮೇಲೆ, ಎಂದಿನಂತೆ ಇದ್ದ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ 39.5, ಹೊರಗೆ ಹೋದವರಲ್ಲಿ 30.4. ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಇದಕ್ಕೆ ಹೊರಗಿನ ಹೆಚ್ಚಿನ ಬೆಳಕೇ ಕಾರಣವಿರಬೇಕು ಎನ್ನುತ್ತಾರೆ. ತರಗತಿಯ ಕೋಣೆಯ ಬೆಳಕು ಕೆಲವು ನೂರು ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ). ಹೊರಗೆ ಮರದ ನೆರಳಿನಲ್ಲೂ ಸಾವಿರಗಳ ಲೆಕ್ಕ. ನೆರಳಿನಲ್ಲಿ ಕೂತರೂ ಕಣ್ಣಿಗೆ ಆ ಬೆಳಕು ಸಿಗುತ್ತದೆ.

ನೆರಳಿನ ಮಾತು ಬಂದದ್ದರಿಂದ ಮೈಬಣ್ಣದ ಚೀಟಿಗಳಿಗೆ ಉತ್ತರ. ನಾವು ಹೊರಗಿರುವುದು ಬೆಳಗಿನ ಹೊತ್ತು, ಬಿಸಿಲೇರುವ ಮುನ್ನ ಒಳಗೆ ಬರುತ್ತೇವೆ. ಟೋಪಿ ಹಾಕಿ ಕಳುಹಿಸಿ, ಚರ್ಮ ಸುಡದಂತೆ ನೋಡಿಕೊಳ್ಳುವುದು ಗಂಡುಮಕ್ಕಳಿಗೂ ಬೇಕಾದದ್ದೇ. ಆದರೆ ‘ಕಪ್ಪಾಗುತ್ತೀಯ’ ಎಂಬ ಮಾತನ್ನು ದಯವಿಟ್ಟು ಮಗುವಿನ ಎದುರು ಆಡಬೇಡಿ. ಒಬ್ಬ ಹುಡುಗಿ ಅರ್ಧ ಗಂಟೆ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ನಿಂತಿದ್ದಳು. ಉಳಿದವರು ಎರೆಹುಳು ಹುಡುಕುತ್ತಿದ್ದರು. ಅವಳಿಗೆ ಏಳು ವರ್ಷ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಕ್ಷಮಿಸಿ.

ಗಾಯದ ಬಗ್ಗೆ. ತರಚು ಗಾಯ ಆಗುತ್ತದೆ. ಆಗುವುದಿಲ್ಲ ಎಂದು ಭರವಸೆ ಕೊಟ್ಟರೆ ಸುಳ್ಳು ಹೇಳಿದಂತೆ. ದೊಡ್ಡ ಗಾಯ ಆಗದಂತೆ ಮಾಡುವುದು ನಮ್ಮ ಕೆಲಸ. ಪ್ರತಿದಿನ ಬೆಳಿಗ್ಗೆ ಶಿಕ್ಷಕಿಯೊಬ್ಬರು ಮೈದಾನ ಸುತ್ತಿ ಗಾಜಿನ ಚೂರು, ಮೊಳೆ, ಒಣಗಿದ ಕೊಂಬೆ, ಹುತ್ತ, ಜೇನುಗೂಡು ನೋಡಿ ಬರುತ್ತಾರೆ. ಮರ ಹತ್ತುವವರಿಗೆ ಎರಡು ನಿಯಮ. ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಮರದ ಮೇಲೆ ಇರಬೇಕು. ಯಾರನ್ನೂ ಎತ್ತಿ ಕೊಂಬೆಯ ಮೇಲೆ ಕೂರಿಸುವುದಿಲ್ಲ. ತಾನಾಗಿ ಹತ್ತಿದವಳಿಗೆ ಸಾಮಾನ್ಯವಾಗಿ ಇಳಿಯುವ ದಾರಿಯೂ ತಿಳಿದಿರುತ್ತದೆ. ತುಂತುರು ಮಳೆಗೆ ಹೆದರುವುದಿಲ್ಲ. ಗುಡುಗು ಕೇಳಿದರೆ ಎಲ್ಲರೂ ಒಳಗೆ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗಿಲ್ಲ. ‘ಜೋಕೆ, ಜೋಕೆ’ ಎಂದು ಕೂಗುವುದನ್ನು ಶಿಕ್ಷಕಿಯರಿಗೆ ಬಿಡಿಸಿದ್ದೇನೆ. ಹತ್ತುತ್ತಿರುವ ಮಗುವಿಗೆ ಅದರಿಂದ ಗಾಬರಿಯಾಗುತ್ತದೆಯೇ ಹೊರತು ಏನು ಮಾಡಬೇಕೆಂದು ತಿಳಿಯುವುದಿಲ್ಲ. ಬದಲಿಗೆ ‘ಮುಂದಿನ ಕಾಲು ಎಲ್ಲಿ ಇಡುತ್ತೀಯಮ್ಮ?’ ಎಂದು ಕೇಳುತ್ತಾರೆ. ಮನೆಯಲ್ಲೂ ಒಮ್ಮೆ ಕೇಳಿ ನೋಡಿ.

ಯಾರೂ ಚೀಟಿಯಲ್ಲಿ ಬರೆಯದ ಒಂದು ಸಂಗತಿಯನ್ನು ನಾನೇ ಎತ್ತುತ್ತೇನೆ. ಹೊರಗಿನ ತರಗತಿಯ ದಿನ ಕೆಲವು ಹುಡುಗಿಯರು ನೀರೇ ಕುಡಿಯುತ್ತಿರಲಿಲ್ಲ. ಶೌಚಾಲಯ ದೂರ, ಎಲ್ಲರೆದುರು ಕೇಳಲು ನಾಚಿಕೆ. ಈಗ ಮೈದಾನಕ್ಕೆ ಹತ್ತಿರದ ಶೌಚಾಲಯದ ಬೀಗ ತೆಗೆಸಿ, ಕೇಳದೆಯೇ ಹೋಗಿಬರಬಹುದು ಎಂದು ಹೇಳಿದ್ದೇವೆ. ನಿಮ್ಮ ಮಗಳ ನೀರಿನ ಬಾಟಲಿ ತುಂಬಿದಂತೆಯೇ ಮನೆಗೆ ಮರಳಿದರೆ ನನಗೆ ತಿಳಿಸಿ. ಈ ಚೀಟಿ ಬಂದರೆ ಸಂತೋಷ.

ಚಿಂಪಾಂಜಿಗಳನ್ನು ಅಧ್ಯಯನ ಮಾಡಿ ಹೆಸರಾದ ಜೇನ್ ಗುಡಾಲ್ ತಮ್ಮ ಬಾಲ್ಯದ ಒಂದು ಘಟನೆಯನ್ನು ಎಷ್ಟೋ ಬಾರಿ ಹೇಳಿಕೊಂಡಿದ್ದಾರೆ. ನಾಲ್ಕೈದು ವರ್ಷದವರಿದ್ದಾಗ, ಕೋಳಿಯ ಮೈಯಲ್ಲಿ ಮೊಟ್ಟೆ ಬರುವಷ್ಟು ದೊಡ್ಡ ತೂತು ಎಲ್ಲಿದೆ ಎಂಬ ಪ್ರಶ್ನೆ ಹತ್ತಿ, ಕೋಳಿಗೂಡಿನ ಒಳಗೆ ಗಂಟೆಗಟ್ಟಲೆ ಅಡಗಿ ಕೂತರಂತೆ. ಮನೆಯವರು ಹುಡುಕಿ ಹುಡುಕಿ ಪೊಲೀಸರಿಗೂ ತಿಳಿಸಿದ್ದರು. ಮೈತುಂಬ ಹುಲ್ಲು ಮೆತ್ತಿಕೊಂಡು ಓಡಿಬಂದ ಮಗಳನ್ನು ಕಂಡ ತಾಯಿ ಬೈಯಲಿಲ್ಲ. ಅವಳ ಕಣ್ಣಿನ ಹೊಳಪು ನೋಡಿ, ಕೂತು, ಮೊಟ್ಟೆ ಹೇಗೆ ಬಂತು ಎಂಬ ಇಡೀ ಕತೆಯನ್ನು ಕೇಳಿದರು. ಪೊಲೀಸರಿಗೆ ಹೇಳುವಷ್ಟು ಹೆದರಿದ ತಾಯಿ ಹಾಗೆ ಕೂತು ಕೇಳಿದ್ದು ಸಣ್ಣ ಮಾತಲ್ಲ, ನನ್ನಿಂದ ಆಗುತ್ತಿತ್ತೋ ಇಲ್ಲವೋ. ನಿಮ್ಮನ್ನು ನಾನು ಕೇಳುವುದು ಅಷ್ಟೂ ಅಲ್ಲ. ಮಗಳು ಬಾಗಿಲಿಗೆ ಬಂದಾಗ ಮೊದಲ ಮಾತು ಬಟ್ಟೆಯದ್ದಾಗದಿರಲಿ. ಏನು ಸಿಕ್ಕಿತು ಎಂದು ಕೇಳಿ, ಬಟ್ಟೆಯ ಮಾತು ಎರಡನೆಯದಾಗಲಿ.

ಬಟ್ಟೆಯ ತೊಂದರೆ ನಿಜವಾದದ್ದೇ, ಒಗೆಯುವವರ ಕಷ್ಟ ನನಗೂ ಗೊತ್ತು. ಅದಕ್ಕೆ ಹೀಗೆ ಮಾಡೋಣ. ಮುಂದಿನ ಸೋಮವಾರದೊಳಗೆ ಒಂದು ಜೊತೆ ಹಳೆಯ ಬಟ್ಟೆ, ಹರಿದಿದ್ದರೂ ಅಡ್ಡಿಯಿಲ್ಲ, ಹೆಸರು ಬರೆದ ಚೀಲದಲ್ಲಿ ಕಳುಹಿಸಿ. ಹೊರಗೆ ಹೋಗುವ ಮುನ್ನ ಮಕ್ಕಳು ಬದಲಾಯಿಸಿಕೊಳ್ಳುತ್ತಾರೆ. ಮೊಣಕಾಲು ಮುಚ್ಚುವ, ಕಾಲು ಅಗಲಿಸಿ ಹತ್ತಲು ಬರುವ ಬಟ್ಟೆ ಇರಲಿ. ಲಂಗ ಹಿಡಿದುಕೊಳ್ಳಲು ಒಂದು ಕೈ ಹೋದರೆ ಕೊಂಬೆ ಹಿಡಿಯಲು ಒಂದೇ ಕೈ ಉಳಿಯುತ್ತದೆ. ಆ ದಿನ ಸರ, ಬಳೆ ಬೇಡ. ಕೂದಲನ್ನು ಬಿಗಿಯಾಗಿ ಹೆಣೆದು ಕಳುಹಿಸಿ. ಕೀಟ ಕಚ್ಚಿದರೆ ಮೈ ಊದಿಕೊಳ್ಳುವ, ಉಬ್ಬಸವಿರುವ ಮಕ್ಕಳಿದ್ದರೆ ಬರೆದು ತಿಳಿಸಿ. ಧನುರ್ವಾಯು ಲಸಿಕೆ ಹಾಕಿಸಿದ ದಿನಾಂಕವನ್ನೂ ಸೇರಿಸಿ.

ನಂಬಿಕೆ ಬಾರದವರು ಗುರುವಾರದ ತರಗತಿಗೆ ಬನ್ನಿ. ಕುರ್ಚಿ ಹಾಕಿಸುವುದಿಲ್ಲ, ನೆಲದ ಮೇಲೆ ಕೂರಬೇಕು. ಮಗಳು ಮರದ ಹತ್ತಿರ ಹೋದಾಗ ಎದ್ದು ಓಡಬಾರದು ಎಂಬುದೊಂದೇ ಷರತ್ತು. ಫಲಕವನ್ನು ಮೊನ್ನೆ ಕಿತ್ತು ತೆಗೆಸಿದ್ದೇನೆ.

ಇಂತಿ ವಿಶ್ವಾಸಿ,
ಮುಖ್ಯ ಶಿಕ್ಷಕಿ

ಮರೆತ ಮಾತು: ಮರದ ಕೆಳಗೆ ಸಿಕ್ಕ ಒಂದು ಬಿಳಿ ಕಾಲುಚೀಲ (ಈಗ ಬಿಳಿ ಎನ್ನುವಂತಿಲ್ಲ) ಮತ್ತು ಎರಡು ಕೆಂಪು ರಿಬ್ಬನ್ ಕಚೇರಿಯಲ್ಲಿವೆ. ಗುರುತಿಸಿ ತೆಗೆದುಕೊಂಡು ಹೋಗಿ.